ಇಪ್ಪತ್ತೊಂದೂವರೆ ಕಿಲೋದ ತೊಟ್ಟಿಲು

ಕುಬಿಹಾಳದಲ್ಲಿ ಸುನಿತಾಳಿಗೆ 'ಕಟಗಿಬಾಯಿ' ಎಂಬ ಹೆಸರು ಬಿದ್ದು ಆರು ತಿಂಗಳಾಗಿತ್ತು. ಧಾರವಾಡದ ಒಂದು ಸಂಸ್ಥೆಯವರು ಅವಳನ್ನು ಗುತ್ತಿಗೆಯ ಮೇಲೆ ಕೆಲಸಕ್ಕೆ ತೆಗೆದುಕೊಂಡು, ಒಂದು ಟೇಪು, ಒಂದು ತೂಗುವ ಕೊಕ್ಕೆ, ಕಟ್ಟಿಗೆಗೆ ಚುಚ್ಚಿದರೆ ಅದರ ಹಸಿ ಎಷ್ಟೆಂದು ಹೇಳುವ ಎರಡು ಮುಳ್ಳಿನ ಯಂತ್ರ, ಕೊರಳಿಗೊಂದು ಗುರುತಿನ ಚೀಟಿ ಕೊಟ್ಟು, ಮನೆಮನೆಯ ಕಟ್ಟಿಗೆಯ ಸಾಮಾನನ್ನೆಲ್ಲ ಅಳೆದು ಬಾ ಎಂದಿದ್ದರು. ಬಾಗಿಲು, ತೊಲೆ, ಪೆಟ್ಟಿಗೆ, ಮಣೆ, ಲಟ್ಟಣಿಗೆ, ಯಾವುದನ್ನೂ ಬಿಡುವಂತಿರಲಿಲ್ಲ.

ಇದೆಲ್ಲ ಯಾತಕ್ಕೆ ಎಂದು ಕೇಳಿದವರಿಗೆ ಹೇಳಿ ಹೇಳಿ ಅವಳಿಗೆ ಮಾತು ಬಾಯಿಪಾಠವಾಗಿತ್ತು. "ಗಿಡಾ ಬೆಳೀಬೇಕಾದ್ರ ಗಾಳಿಯೊಳಗಿನ ಇಂಗಾಲ ಹೀರ್ಕೋತೈತ್ರಿ. ಸುಟ್ರ ಹೊಗಿಯಾಗಿ ಹೊಳ್ಳಿ ಗಾಳಿಗೆ ಹೋಗ್ತೈತಿ. ಕುರ್ಚಿ ಮಾಡಿದ್ರ ಕುರ್ಚಿಯೊಳಗ ಕುಂತಿರ್ತೈತಿ. ಹಂಗ ಎಷ್ಟು ಕುಂತೈತಿ ಅಂತ ಲೆಕ್ಕಾ ಮಾಡಾಕತ್ತಾರ."

"ನಮ್ಮ ಕುರ್ಚಿಯೊಳಗ ಬರೇ ತಗಣಿ ಕುಂತಾವ ನೋಡವಾ, ಅವನ್ನೂ ಬರಕೋ," ಎಂದು ಕಿರಾಣಿ ಅಂಗಡಿಯ ಕಾಶಿನಾಥ ಹೇಳಿದ್ದ. ಅಂಗಡಿಯ ಮುಂದೆ ಕುಂತವರೆಲ್ಲ ನಕ್ಕಿದ್ದರು. ಸುನಿತಾ ಕುರ್ಚಿಯನ್ನು ತಲೆಕೆಳಗು ಮಾಡಿ ತೂಗಿದಳು. ತಗಣಿಗಳು ಉದುರಿದವು. ಕಾಶಿನಾಥನ ನಗು ಅಲ್ಲಿಗೆ ನಿಂತಿತು.

ಸುನಿತಾ ಅದೇ ಊರಿನವಳು. ಊರಿನ ಕೊನೆಯ ಓಣಿಯವಳು. ಓಣಿಯ ಮನೆಗಳಲ್ಲಿ ಬುದ್ಧನ ಪಟವೂ ಇತ್ತು, ಯಲ್ಲಮ್ಮನ ಪಟವೂ ಇತ್ತು, ಸುನಿತಾಳ ಡಿಗ್ರಿಯ ಫೋಟೋವೂ ಇತ್ತು. ಆದರೆ ಕೊರಳಿಗೆ ಚೀಟಿ ಬೀಳುವ ತನಕ ಅವಳು ಊರೊಳಗಿನ ದೊಡ್ಡ ಮನೆಗಳ ಕಟ್ಟೆ ದಾಟಿ ಒಳಗೆ ಹೋದವಳಲ್ಲ. ಜುಲೈ ತಿಂಗಳಲ್ಲಿ ಮೊದಲ ಸಲ ಅನ್ನವ್ವನ ಮನೆಗೆ ಹೋದಾಗ ಆ ಮುದುಕಿ ಚೀಟಿಯನ್ನು ಹಿಂದುಮುಂದು ತಿರುಗಿಸಿ ನೋಡಿ, "ಮ್ಯಾಲಿನವರ ಕೆಲಸ ಅಂದಮ್ಯಾಲೆ ಏನ್ ಮಾಡೂದು, ಬಾ ಒಳಗ," ಎಂದಳು. ಆಮೇಲೆ ಸೆರಗು ಬಿಗಿಹಿಡಿದುಕೊಂಡು ಅವಳ ಬೆನ್ನಿಗೇ ಅಡ್ಡಾಡಿದಳು. ಅಳೆಯುವುದೆಂದರೆ ಮುಟ್ಟುವುದೇ ಆದ್ದರಿಂದ ಸುನಿತಾ ಎಲ್ಲವನ್ನೂ ಮುಟ್ಟಿದಳು. ಲಟ್ಟಣಿಗೆಯನ್ನಂತೂ ಬೇಕಂತಲೇ ಎರಡು ಸಲ ಅಳೆದಳು.

ಆ ಮನೆಯ ಪಡಸಾಲೆಯಲ್ಲಿ ಕಲಘಟಗಿಯ ಬಣ್ಣದ ತೊಟ್ಟಿಲೊಂದು ತೂಗುತ್ತಿತ್ತು. ಕೆಂಪು ಮೈ, ಹಳದಿ ಬಳ್ಳಿ, ಬಳ್ಳಿಯ ಮೇಲೆ ಗಿಳಿಗಳು. ಅದರಲ್ಲೊಂದು ಗಿಳಿಗೆ ಯಾರೋ ನೀಲಿ ಎಣ್ಣೆಬಣ್ಣದಲ್ಲಿ ಮೀಸೆ ಬರೆದಿದ್ದರು.

"ಎಷ್ಟು ವರ್ಷದ್ದ್ರಿ ಅಮ್ಮಾರ?"

"ಅರವತ್ತಾತು."

"ಲೆಕ್ಕದ ಪ್ರಕಾರ ಮೂವತ್ತೈದು ವರ್ಷದಾಗ ಅರ್ಧಾ ಕಟಗಿ ಹಾಳಾಗಿರ್ತೈತ್ರಿ."

ಅನ್ನವ್ವ ಸೊಂಟದ ಮೇಲೆ ಕೈಯಿಟ್ಟಳು. "ಅರ್ಧಾ ಅಂದ್ರ? ಮ್ಯಾಲಿಂದೋ ಕೆಳಗಿಂದೋ? ಎಲ್ಲೆ ಹಾಳಾಗೈತಿ ತೋರ್ಸು ನನಗ!"

ಸುನಿತಾ ತೊಟ್ಟಿಲನ್ನು ಕೊಕ್ಕೆಗೆ ಹಾಕಿ ತೂಗಿದಳು. ಇಪ್ಪತ್ತೊಂದೂವರೆ ಕಿಲೋ. ಮಾಲಕರು: ಅನ್ನವ್ವ. ಫೋನಿನಲ್ಲಿ ಒತ್ತಿದಳು, ಹೋದಳು.

ಸೆಪ್ಟೆಂಬರಿನಲ್ಲಿ ಕಾಶಿನಾಥನ ಮನೆಯ ಸರದಿ ಬಂತು. ಅಲ್ಲಿಯೂ ಒಂದು ಕಲಘಟಗಿ ತೊಟ್ಟಿಲು, ಮೈತುಂಬ ಹೂವಿನ ಸರ, ಒಳಗೆ ಅವನ ಮಗಳ ಮಗ. ಅದೂ ಇಪ್ಪತ್ತೊಂದೂವರೆ. "ಯಾರ ತೊಟ್ಟಲಾರಿ?" ಎಂದಾಗ ಕಾಶಿನಾಥ ಎದೆ ಸೆಟೆಸಿ, "ನಮ್ಮ ಮನ್ಯಾಗ ತೂಗಾಕತ್ತೈತಿ ಅಂದ್ರ ನಮ್ಮದಽ ಅಲ್ಲೇನು?" ಎಂದ. ನವೆಂಬರಿನಲ್ಲಿ ರಜಿಯಾಬಿಯ ಮನೆಯಲ್ಲಿ ಮೂರನೆಯದನ್ನು ತೂಗಿ, ಸಹಿ ಹಾಕಿಸಿ, ಫೋನಿನಲ್ಲಿ ಒತ್ತಿ ತಲೆ ಎತ್ತಿದರೆ ಮೀಸೆಯ ಗಿಳಿ ನೇರ ಅವಳ ಮುಖವನ್ನೇ ನೋಡುತ್ತಿತ್ತು.

ಆಗ ಅವಳಿಗೆ ಹೊಳೆದದ್ದು, ಊರಿನಲ್ಲಿ ಇರುವುದೇ ಒಂದು ತೊಟ್ಟಿಲು. ಯಾರ ಮನೆಯಲ್ಲಿ ಬಾಣಂತನವೋ ಅಲ್ಲಿಗೆ ಹೋಗುತ್ತದೆ. ರಜಿಯಾಬಿಯನ್ನು ಕೂಡಿಸಿಕೊಂಡು ಅದು ಎಲ್ಲೆಲ್ಲಿ ಹೋಗಿತ್ತೆಂದು ಬರೆದಳು. ಇಪ್ಪತ್ತೆಂಟು ಮನೆಗಳಾದವು. ಪಟ್ಟಿಯನ್ನು ಎರಡು ಸಲ ಓದಿದಳು. ತನ್ನ ಓಣಿಯ ಒಂದು ಮನೆಯೂ ಅದರಲ್ಲಿರಲಿಲ್ಲ. ತಾನು ಅವ್ವನ ಹಳೇ ಸೀರೆಯ ಜೋಳಿಗೆಯಲ್ಲಿ ಮಲಗಿ ಬೆಳೆದವಳು. ಈಗ ಅಣ್ಣ ಹುಲಿಗೇಶನ ಮೂರು ತಿಂಗಳ ಮಗಳೂ ಜೋಳಿಗೆಯಲ್ಲೇ ಇದ್ದಳು. ಜೋಳಿಗೆಯಲ್ಲಿ ಕಟ್ಟಿಗೆ ಇಲ್ಲ, ಅದಕ್ಕೆ ಫೋನಿನಲ್ಲಿ ತನ್ನ ಮನೆಯ ತೊಟ್ಟಿಲಿನ ಎದುರು ತಾನೇ ಸೊನ್ನೆ ಒತ್ತಿದ್ದಳು.

ಪಟ್ಟಿ ಮುಗಿದು ವಾರದ ಮೇಲೆ, ಎರಡು ತೊಟ್ಟಿಲು ಅಳಿಸಬೇಕೆಂದು ಅವಳು ಮೇಲ್ವಿಚಾರಕ ಗೌರೀಶನಿಗೆ ಫೋನು ಮಾಡಿದಳು.

"ಅಳಸಬ್ಯಾಡ!" ಎಂದ ಗೌರೀಶ. "ನನ್ನ ವರದಿ ಈಗಾಗಲೇ ಮ್ಯಾಲೆ ಹೋಗೇತಿ. ಕುಬಿಹಾಳದಾಗ ಮೂರು ಪಾರಂಪರಿಕ ತೊಟ್ಟಿಲು ಅಂತ ಬಣ್ಣದ ಚಿತ್ರಾ ಹಾಕೇನಿ. ಮತ್ತ ಕೇಳು, ಗುರುವಾರ ತಪಾಸಣಿಗೆ ತಹಸೀನ್ ಮೇಡಂ ಬರ್ತಾರ. ಮೂರೂ ತೊಟ್ಟಿಲಾ ನೋಡ್ಬೇಕಂತ."

"ಮೂರನ್ನಽ ಯಾಕ್ರಿ?"

"ಮೂರರದೂ ತೂಕ ಒಂದಽ ಐತಿ ಅಂತ ಅವರಿಗೆ ಭಾಳ ಆಶ್ಚರ್ಯ ಆಗೇತಿ," ಎಂದ ಗೌರೀಶ. ಅವನ ದನಿಯಲ್ಲಿ ಹೆಮ್ಮೆಯಿತ್ತು. ಎಲ್ಲರಿಗೂ ಅರ್ಥವಾಗುವ ಸಂಗತಿ ಅವನಿಗೆ ಮಾತ್ರ ಆಗಿರಲಿಲ್ಲ.

ಸುನಿತಾ ಮೂರೂ ಮನೆಗೆ ಹೋಗಿ, ನಿಜ ಹೇಳಿಬಿಡ್ರಿ ಎಂದಳು. ಯಾರೂ ಒಪ್ಪಲಿಲ್ಲ. ತಮ್ಮದು ಎಂದು ಹೇಳಿ ಸಹಿ ಮಾಡಿದವರು, ಈಗ ಮೇಡಂ ಎದುರು ಸುಳ್ಳರಾಗಬೇಕೇ? ಅನ್ನವ್ವನ ಮಗ ಈರಪ್ಪನೇ ಉಪಾಯ ಹೇಳಿದ. ಮೇಡಂ ಮೊದಲು ರಜಿಯಾಬಿಯ ಮನೆ ನೋಡಲಿ. ಅಲ್ಲಿ ಚಾ ಕುಡಿಯುವಷ್ಟರಲ್ಲಿ ಹಿತ್ತಲ ಬಾಗಿಲಿಂದ ತೊಟ್ಟಿಲು ತೆಗೆದು ರಜಿಯಾಬಿಯ ಮಗ ರಮಜಾನನ ಟಂಟಂ ಗಾಡಿಯಲ್ಲಿ ಕಾಶಿನಾಥನ ಮನೆಗೆ. ಅಲ್ಲಿ ಮಿರ್ಚಿ ಭಜಿ ತಿನ್ನುವಷ್ಟರಲ್ಲಿ ಅನ್ನವ್ವನ ಮನೆಗೆ.

"ಜೀಪು ಮುಂದಾದ್ರ?" ಎಂದು ಸುನಿತಾ ಕೇಳಿದಳು.

"ಭಜಿ ಬಿಸಿ ಇರ್ತಾವ," ಎಂದ ಕಾಶಿನಾಥ. "ಗಡಬಡಿ ಮಾಡಿ ತಿನ್ನಾಕ ಆಗೂದಿಲ್ಲ."

ಗುರುವಾರ ಜೀಪು ಬಂತು. ತಹಸೀನ್ ಮೇಡಂ ಐವತ್ತರ ಆಸುಪಾಸಿನ ಹೆಂಗಸು, ಕಾಲಿಗೆ ಕ್ಯಾನ್ವಾಸ್ ಬೂಟು. ರಜಿಯಾಬಿಯ ಮನೆಯಲ್ಲಿ ತೊಟ್ಟಿಲನ್ನು ಮುಟ್ಟಿ ನೋಡಿದರು, ಮುಳ್ಳಿನ ಯಂತ್ರ ಚುಚ್ಚಿದರು. ಹಸಿ ಶೇಕಡಾ ಹನ್ನೊಂದು. ಮೀಸೆಯ ಗಿಳಿಯ ಮುಂದೆ ಅರೆಗಳಿಗೆ ನಿಂತರು. ಚಾ ಬಂತು. ಹಿತ್ತಲಲ್ಲಿ ಟಂಟಂ ಕೆಮ್ಮಿತು. ರಜಿಯಾಬಿ ಅದಕ್ಕಿಂತ ಜೋರಾಗಿ ಕೆಮ್ಮಿದಳು.

ಕಾಶಿನಾಥನ ಮನೆಯಲ್ಲಿ ತೊಟ್ಟಿಲಿಗೆ ಹೂವಿನ ಸರ ಹೊದಿಸಿ ಗಿಳಿಯ ಮೋರೆಗೊಂದು ಸೇವಂತಿಗೆ ಸಿಕ್ಕಿಸಿದ್ದರು. ಮೇಡಂ ಆ ಹೂವನ್ನು ಎರಡು ಬೆರಳಿನಿಂದ ಎತ್ತಿ ನೋಡಿ, ಮತ್ತೆ ಅಲ್ಲೇ ಇಟ್ಟರು. "ಚಂದ ಐತಿ," ಎಂದಷ್ಟೇ ಹೇಳಿ ಭಜಿಗೆ ಕೈ ಹಾಕಿದರು. ಗೌರೀಶ ಮೂಲೆಯಲ್ಲಿ ನಿಂತು ಬೆವರು ಒರೆಸಿಕೊಂಡ. ಅವನಿಗೂ ಈಗ ಅರ್ಥವಾಗಿತ್ತು.

ಸುನಿತಾ ತನ್ನ ಭಜಿಯನ್ನು ತಾಟಿನಲ್ಲೇ ಬಿಟ್ಟಳು. ನಗು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಇಡೀ ಊರೇ ಒಂದು ತೊಟ್ಟಿಲನ್ನು ಹೊತ್ತು ಓಡಾಡುತ್ತಿದೆ, ಹಾಗೆ ಓಡಾಡಿಯೂ ಅದು ತನ್ನ ಓಣಿಗೆ ಮಾತ್ರ ಬರುವುದಿಲ್ಲ.

ಅಷ್ಟರಲ್ಲಿ ಮಳೆ ಬಂತು. ನವೆಂಬರಿನಲ್ಲಿ ಯಾರೂ ಕೇಳದ ಮಳೆ, ಹೊಡೆದದ್ದು ಕಾಲು ಗಂಟೆ ಅಷ್ಟೇ. ಎರೆನೆಲಕ್ಕೆ ಅಷ್ಟು ಸಾಕು. ಜೀಪು ಅನ್ನವ್ವನ ಮನೆಯ ಕಡೆಗೆ ಹೊರಟು ಹಳ್ಳದ ದಾರಿಯ ತಿರುವಿಗೆ ಬಂದಾಗ ಚಕ್ರ ಬೆಣ್ಣೆಯ ಮೇಲೆ ಹೋದಂತೆ ಜಾರಿ ಗಟಾರಕ್ಕೆ ಇಳಿಯಿತು. ಅದರ ಮುಂದೆಯೇ ರಮಜಾನನ ಟಂಟಂ ಗಟಾರದಲ್ಲಿ ಮೊದಲೇ ಕುಂತಿತ್ತು. ಗಾಡಿ ಖಾಲಿಯಿತ್ತು.

ಸುನಿತಾ ಜೀಪಿನಿಂದ ಕತ್ತು ಹೊರಗೆ ಹಾಕಿ ನೋಡಿದಳು. ಅದು ಅವಳ ಓಣಿಯ ಬಾಯಿ.

"ಇಲ್ಲೆ ಯಾರದರ ಮನ್ಯಾಗ ನಿಲ್ಲೂಣು ನಡೀರಿ," ಎಂದು ಮೇಡಂ ಪ್ಯಾಂಟು ಮಡಚಿ ಇಳಿದರು. ಮೊದಲು ಸಿಕ್ಕದ್ದೇ ಸುನಿತಾಳ ಮನೆ. ಒಳಗೆ ಹೋದರೆ, ಈರಪ್ಪ ಮತ್ತು ರಮಜಾನ ಮೊಣಕಾಲ ತನಕ ಕೆಸರು ಮೆತ್ತಿಕೊಂಡು ಗೋಡೆಗೆ ಅಂಟಿ ನಿಂತಿದ್ದರು. ನಡುಮನೆಯ ತೊಲೆಗೆ ತೊಟ್ಟಿಲು ತೂಗುತ್ತಿತ್ತು. ತೊಟ್ಟಿಲಲ್ಲಿ ಹುಲಿಗೇಶನ ಮಗಳು ಮಲಗಿದ್ದಳು. ಸುನಿತಾಳ ಅಜ್ಜಿ ಹನಮವ್ವ ಹಗ್ಗ ಜಗ್ಗುತ್ತ ಕುಂತಿದ್ದಳು.

"ಮಳಿಯೊಳಗ ಬಣ್ಣಾ ಕೆಡ್ತೈತಿ ಅಂತ ಇವರು ಒಳಗ ತಂದ್ರು," ಎಂದಳು ಹನಮವ್ವ. "ನೆಲಾ ಹಸಿ ಇತ್ತು, ಅದಕ್ಕ ಮ್ಯಾಲೆ ಕಟ್ಟಿದ್ವಿ. ಕಟ್ಟಿದ ಮ್ಯಾಲೆ ಖಾಲಿ ತೂಗಬಾರದಲ್ಲ ಯವ್ವಾ."

ಗೌರೀಶನ ಬಾಯಿ ಅವನ ತಲೆಗಿಂತ ಮುಂದೆ ಓಡಿತು. "ನಾಕನೇದು ಮೇಡಂ! ಹೊಸಾದು ಸಿಕ್ತು!"

ಮೇಡಂ ಅವನ ಕಡೆ ನೋಡಲಿಲ್ಲ. ತೊಟ್ಟಿಲಿನ ಬುಡಕ್ಕೆ ಯಂತ್ರ ಚುಚ್ಚಿದರು. ಅದು ಕುಂಯ್ ಎಂದು ಕೂಗಿ ನಲವತ್ತು ತೋರಿಸಿತು. ಮೇಡಂ ಹುಬ್ಬು ಗಂಟಿಕ್ಕಿದರು. "ಇಷ್ಟು ಹಸಿ? ನಿನ್ನೆ ಕಡದ ಗಿಡದಾಗ ಮಾಡ್ಯಾರೇನು?"

"ಇಲ್ರಿ ಮೇಡಂ," ಎಂದಳು ಸುನಿತಾ. "ಕೂಸು ಈಗ ಉಚ್ಚಿ ಹೊಯ್ದೈತಿ."

ಮೇಡಂ ಬೆರಳು ಒರೆಸಿಕೊಳ್ಳಲು ಕರವಸ್ತ್ರ ಹುಡುಕಿದರು. ಈರಪ್ಪ ನಕ್ಕುಬಿಟ್ಟ. ಅವನು ನಕ್ಕದ್ದೇ ಸುನಿತಾ ಮೇಡಂ ಎದುರಿಗೆ ಬಂದು ನಿಂತಳು.

"ಮೇಡಂ, ತೊಟ್ಟಲಾ ಇರೂದು ಒಂದಽ," ಎಂದಳು. "ನೀವು ಮೂರೂ ಕಡೆ ನೋಡಿದ್ದು ಇದನ್ನಽ. ತೂಕ ಇಪ್ಪತ್ತೊಂದೂವರಿ, ಇಂಗಾಲ ಒಂಬತ್ತೂವರಿ ಕಿಲೋ. ಅದನ್ನ ನೋಡಾಕ ನಿಮ್ಮ ಜೀಪು ಧಾರವಾಡದಿಂದ ಎರಡು ಸಲ ಬಂದು ಹೋದ್ರ ಡೀಸೆಲ್ ಹೊಗಿಯೊಳಗ ಅಷ್ಟೂ ಖಲಾಸ್."

ಗೌರೀಶ ಮೋರೆ ಗಂಟು ಹಾಕಿಕೊಂಡು ಹೊರಗೆ ಹೋದ. ಮೇಡಂ ನಗುತ್ತ ಗೋಣಿತಟ್ಟಿನ ಮೇಲೆ ಕುಂತರು. "ಗಿಳಿಗೆ ಮೀಸಿ ನೋಡಿದಾಗಽ ತಿಳೀತು. ಆದ್ರ ಭಜಿ ಬಿಟ್ಟು ಹೋಗಾಕ ಮನಸ್ಸಾಗಲಿಲ್ಲ. ಬರಕೋತೇನಿ ಈಗ, ತೊಟ್ಟಿಲು ಒಂದು. ಮಾಲಕರು ಯಾರು?"

ಆ ಹೊತ್ತಿಗೆ ಅನ್ನವ್ವ ಬಂದಳು. ಮನೆಯಲ್ಲಿ ಖಾಲಿ ಸರಪಳಿಯ ಮುಂದೆ ಕಾದು ಸಾಕಾಗಿ, ಛತ್ರಿ ಹಿಡಿದು ಕೆಸರು ತುಳಿಯುತ್ತ ಬಂದಿದ್ದಳು. ಬಾಗಿಲಲ್ಲಿ ನಿಂತು ತೊಟ್ಟಿಲು ನೋಡಿದಳು, ಕೂಸನ್ನು ನೋಡಿದಳು, ಕೆಳಗೆ ತೊಟ್ಟಿಕ್ಕುತ್ತಿದ್ದದ್ದನ್ನೂ ನೋಡಿದಳು. ಹನಮವ್ವ ಹಗ್ಗ ಜಗ್ಗುವುದನ್ನು ನಿಲ್ಲಿಸಲಿಲ್ಲ.

"ಮಾಲಕರು ಅಂದ್ರ ನಾವಽರಿ," ಎಂದಳು ಅನ್ನವ್ವ. "ನಮ್ಮ ಮಾವನವರು ಕಲಘಟಗಿಯೊಳಗ ಮಾಡಿಸಿದ್ದು." ಛತ್ರಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ, "ಈಗ ಎಬ್ಬಿಸಿದ್ರ ಕೂಸು ಅಳ್ತೈತಿ. ಇರ್ಲಿ ಇಲ್ಲೆ," ಎಂದಳು. ಛತ್ರಿ ಬಿಚ್ಚಿ ಹೊರಟೇಬಿಟ್ಟಳು.

ಅದು ದೊಡ್ಡ ಮನಸ್ಸೋ, ಆ ಸ್ಥಿತಿಯ ತೊಟ್ಟಿಲನ್ನು ಇನ್ನು ಮನೆಗೆ ತರುವುದು ಬೇಡವೆಂಬ ಹೇಸಿಗೆಯೋ, ಸುನಿತಾಳಿಗೆ ತಿಳಿಯಲಿಲ್ಲ. ಇಡೀ ವಾರ ಯೋಚಿಸಿದಳು. ಹನಮವ್ವ ಯೋಚಿಸಲಿಲ್ಲ. "ಮಾಲಕಿ ಆಕಿ, ತೂಗಾಕಿ ನಾನು," ಎಂದು ಹಗ್ಗಕ್ಕೆ ಹೊಸ ಗಂಟು ಹಾಕಿದಳು.

ಗೌರೀಶ ಸುನಿತಾಳ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಎರಡು ತಿಂಗಳ ಮೇಲೆ ತಹಸೀನ್ ಮೇಡಂ ತಾವೇ ಫೋನು ಮಾಡಿ, ಕಲಘಟಗಿ ಕಡೆ ಹೊಸ ಗಣತಿ ಇದೆ, ಮನೆಯಿಂದ ಮನೆಗೆ ಅಡ್ಡಾಡುವ ಸಾಮಾನನ್ನು ಹೇಗೆ ಬರೆಯಬೇಕೆಂದು ನಮ್ಮವರಿಗೆ ನೀನೇ ಕಲಿಸು ಎಂದರು. ಗೌರೀಶನೂ ಕಲಿಯಲು ಬಂದು ಹಿಂದಿನ ಸಾಲಿನಲ್ಲಿ ಕುಂತಿದ್ದ.

ತೊಟ್ಟಿಲು ಏಪ್ರಿಲ್ ತನಕ ಓಣಿಯಲ್ಲೇ ಇತ್ತು. ಪಕ್ಕದ ಮನೆಯ ಅವಳಿಜವಳಿಯೂ ಅದರಲ್ಲಿ ಮಲಗಿದವು. ಆಮೇಲೆ ಅನ್ನವ್ವನ ತಂಗಿಯ ಸೊಸೆಗೆ ದಿನ ತುಂಬಿದಾಗ ಅನ್ನವ್ವ ತಾನೇ ಬಂದಳು. ಹೊಸ್ತಿಲ ಮೇಲೆ, ಅರ್ಧ ಒಳಗೆ ಅರ್ಧ ಹೊರಗೆ, ಕಾಲು ಚಾಚಿ ಕುಂತಳು.

"ತೊಟ್ಟಲಾ ತೊಳದಿಯೇನ್ಬೇ ಹನಮವ್ವಾ?"

"ತೊಳದೇನ್ರಿ. ನೀವೂ ಹೊಳ್ಳಿ ಕಳಸೂಮುಂದ ತೊಳದು ಕಳಸ್ರಿ."

ಅನ್ನವ್ವ ಅವಳನ್ನು ದುರುಗುಟ್ಟಿ ನೋಡಿದಳು. ಹನಮವ್ವ ಚಾ ತಂದು ಮುಂದಿಟ್ಟಳು. ಅನ್ನವ್ವ ಕಪ್ಪನ್ನು ಬಹಳ ಹೊತ್ತು ನೋಡಿದಳು, ಎತ್ತಿಕೊಂಡಳು, ಪೂರ್ತಿ ಕುಡಿದಳು. "ಸಕ್ಕರಿ ಭಾಳ ಹಾಕೀದಿ," ಎಂದು ಬೈದು, ರಮಜಾನನ ಟಂಟಂ ಹತ್ತಿ ತೊಟ್ಟಿಲನ್ನು ತಬ್ಬಿಹಿಡಿದು ಹೋದಳು.