ಹರಿವಾಣ ಮುಟ್ಟಿ ಕೊಟ್ಟ ಮಾತು

ನಮ್ಮ ಊರನ್ನು ಎಲ್ಲರೂ ಆಚೆಬದಿ ಎನ್ನುತ್ತಾರೆ. ಬೆಳ್ತಂಗಡಿಯಿಂದ ನೆರಿಯದ ಕಡೆಗೆ ಹೋಗುವಾಗ ಸಿಗುವ ಒಂದು ಹೊಳೆಯ ಆಚೆ ಬದಿ, ಅಷ್ಟೇ. ದಾಟಲು ಅಡಿಕೆ ಮರ ಜೋಡಿಸಿದ ಕಾಲುಸಂಕ. ವರ್ಷವೂ ನಾವು ಕಟ್ಟುತ್ತೇವೆ, ವರ್ಷವೂ ಹೊಳೆ ಕೊಂಡುಹೋಗುತ್ತದೆ. ಗಟ್ಟಿ ಸಂಕ ಮಾಡಿಸುತ್ತೇನೆ ಎನ್ನದ ಅಭ್ಯರ್ಥಿಯನ್ನು ನಾವು ಇನ್ನೂ ನೋಡಿಲ್ಲ. ಮಾಡಿಸಿದವರನ್ನೂ ನೋಡಿಲ್ಲ.

ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದ ಸುಬೇದಾರ್ ರುಕ್ಮಯ್ಯ ಈ ಸಂಕಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ಕೊನೆಗೆ, "ಹೊರಗೆ ನಿಂತು ಕೇಳಿ ಸಾಕಾಯ್ತು. ಇನ್ನು ಒಳಗೆ ಕೂತು ಮಾಡಿಸ್ತೇನೆ" ಎಂದು ಪಂಚಾಯತ್ ಚುನಾವಣೆಗೆ ನಿಂತರು. ಊರಿಗೆ ಊರೇ ತಲೆದೂಗಿತು. ಸ್ವಾತಂತ್ರ್ಯ ದಿನ ಧ್ವಜ ಹಾರಿಸಲು ನಮಗೆ ಅವರೇ ಬೇಕಲ್ಲ! ಹಾರಿಸಿದ ಮೇಲೆ ಶಾಲು ಹೊದೆಸುತ್ತೇವೆ. ಶಾಲಿಗೆ ನಮ್ಮಲ್ಲಿ ಬರವಿಲ್ಲ.

ಎದುರು ನಿಂತವನು ಜಲ್ಲಿ ಗುತ್ತಿಗೆದಾರ ಸಂದೇಶ್. ಅವನು ಭಾಷಣ ಮಾಡಲಿಲ್ಲ. ಮತದಾನದ ಹಿಂದಿನ ದಿನ ಹರಿವಾಣದಲ್ಲಿ ಅಡಿಕೆ ಹೂವಿನ ಹಿಂಗಾರ, ಗಂಧ ಇಟ್ಟುಕೊಂಡು ಮನೆಮನೆ ಹತ್ತಿದ. ನಮ್ಮ ಊರಿನ ಡೊಂಬಯ್ಯನವರ ಅಂಗಳಕ್ಕೂ ಬಂದ.

"ಡೊಂಬಯ್ಯಣ್ಣ, ನಮ್ಮ ದೈವದ ಪ್ರಸಾದ. ಮುಟ್ಟಿ ಒಂದು ಮಾತು ಕೊಡಿ, ಈ ಮನೆಯ ಮತ ಎಲ್ಲ ನನಗೆ ಅಂತ. ತಪ್ಪಿದರೆ ನಾನು ಏನೂ ಕೇಳುವುದಿಲ್ಲ. ಕೇಳುವವರು ಕೇಳ್ತಾರೆ."

ಡೊಂಬಯ್ಯ ಮುಟ್ಟಿದರು. ಹೆಂಡತಿ ಮೋಹಿನಿಯೂ ಮುಟ್ಟಿದರು. ಒಳಗಿದ್ದ ಸೊಸೆ ವಿಸ್ಮಿತಾಳ ಪಾಲಿನ ಮಾತನ್ನೂ ಮಾವನೇ ಕೊಟ್ಟುಬಿಟ್ಟರು.

ವಿಸ್ಮಿತಾ ಮೂಡುಬಿದಿರೆ ಹತ್ತಿರದ ತೋಡಾರಿನವಳು. ನಮ್ಮ ಸ್ವಸಹಾಯ ಸಂಘದಿಂದ ಬಂಟ್ವಾಳಕ್ಕೆ ಮತದಾರರ ತರಬೇತಿಗೆ ಹೋಗಿ ಬಂದವಳು. ಸಂದೇಶ್ ಅಂಗಳ ಇಳಿದದ್ದೇ ಹೊರಗೆ ಬಂದಳು.

"ಮಾವ, ದೈವದ ಹೆದರಿಕೆ ಹಾಕಿ ಮತ ಕೇಳುವುದು ಅಪರಾಧ. ಕಾನೂನಿನಲ್ಲೇ ಉಂಟು. ನೀವು ಯಾರಿಗೆ ಹಾಕಿದ್ದು ಅಂತ ಯಾರಿಗೂ ಗೊತ್ತಾಗುವುದಿಲ್ಲ."

"ಜನರಿಗೆ ಗೊತ್ತಾಗ್ಲಿಕ್ಕಿಲ್ಲ ಮಾರಾಯ್ತಿ. ದೈವಕ್ಕೆ?"

"ಸಂಕ ಬೇಡ ಅಂತ ದೈವ ಹೇಳಿತಾ?"

"ನೀನು ನಿನ್ನೆ ಮೊನ್ನೆ ಬಂದವಳು. ನಿನಗೆ ಇಲ್ಲಿಯದ್ದು ಗೊತ್ತಿಲ್ಲ. ಮಾತು ಅಂದರೆ ಮಾತು."

ವಿಸ್ಮಿತಾ ಬಿಡಲಿಲ್ಲ. ನೇರ ರುಕ್ಮಯ್ಯನವರ ಮನೆಗೆ ಹೋದಳು. "ರುಕ್ಮಯ್ಯಣ್ಣ, ನೀವೇ ಒಮ್ಮೆ ಬಂದು ಹೇಳಿ. ನೀವು ಹೇಳಿದರೆ ಕೇಳ್ತಾರೆ."

ರುಕ್ಮಯ್ಯ ತಲೆ ಅಲ್ಲಾಡಿಸಿದರು. "ಸೇನೆಗೆ ಸೇರುವಾಗ ನಾನೂ ಪ್ರಮಾಣ ಮಾಡಿದವನಮ್ಮ. ಪ್ರಮಾಣ ಮುರಿಯಿರಿ ಅಂತ ಇನ್ನೊಬ್ಬರ ಮನೆಗೆ ಹೋಗಿ ಹೇಗೆ ಹೇಳಲಿ?"

ದೊಡ್ಡ ಮನುಷ್ಯ, ಅದರಲ್ಲಿ ಸಂಶಯವಿಲ್ಲ. ಆದರೆ ಮನಸಾರೆ ಮಾಡಿದ ಪ್ರಮಾಣ ಬೇರೆ, ಹೆದರಿಸಿ ಮಾಡಿಸಿದ್ದು ಬೇರೆ. ಅದನ್ನು ಅವರು ಅಂದೇ ಮನೆಮನೆಗೆ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ, ಸೋತರು.

ಅಷ್ಟಕ್ಕೇ ಕೂರಲಿಲ್ಲ. ಮುಂದೆ ವಿಧಾನಸಭೆ ಚುನಾವಣೆಗೆ ಪಕ್ಷೇತರರಾಗಿ ನಿಂತು, ಹಳೆಯ ಸ್ಕೂಟರಿನಲ್ಲಿ ತಾಲೂಕು ಸುತ್ತಿದರು. ಹೋದಲ್ಲೆಲ್ಲ ಜನ ಎದ್ದು ನಿಂತು ಕೈಮುಗಿದರು, ಚಹಾ ಕೊಟ್ಟರು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಮತ ಹಾಕಲಿಲ್ಲ. ಠೇವಣಿಯೂ ಹೋಯಿತು. "ವಾರ್ಡ್ ಗೆಲ್ಲದವರು ವಿಧಾನಸೌಧಕ್ಕೆ ಹೊರಟಿದ್ದಾರೆ" ಎಂದು ನಕ್ಕವರು ಯಾರು? ಅದೇ ವಾರ್ಡಿನಲ್ಲಿ ಅವರನ್ನು ಸೋಲಿಸಿದ ನಾವೇ. ಆ ನಗು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ಗೆದ್ದ ಸಂದೇಶ್ ಸಂಕ ಮಾಡಿಸಲಿಲ್ಲ. ಕಳೆದ ಆಟಿ ತಿಂಗಳ ಮಳೆಗೆ ಅಡಿಕೆ ಮರದ ಸಂಕ ಎಂದಿನಂತೆ ಹೋಯಿತು. ಅದರ ಮರುದಿನವೇ ಮೋಹಿನಿಯ ಬಾಯಿ ಸೊಟ್ಟಗಾಗಿ ಬಲಗೈ ಜೋತುಬಿತ್ತು. ವಿಸ್ಮಿತಾ ಫೋನ್ ಮಾಡಿದ ಕೂಡಲೇ ಆಂಬುಲೆನ್ಸ್ ಬಂತು. ಬಂದು ಹೊಳೆಯ ಆ ದಡದಲ್ಲಿ ನಿಂತಿತು. ಈ ದಡದಲ್ಲಿ ಮೋಹಿನಿ, ನಡುವೆ ಕೆಂಪು ನೀರು. ಸಂದೇಶನ ಫೋನ್ ಬಂದ್.

ಹಗ್ಗ ಹಿಡಿದು ಬಂದವರು ರುಕ್ಮಯ್ಯ. ಹಗ್ಗದ ತುದಿಯನ್ನು ಆಂಬುಲೆನ್ಸಿನವರಿಗೆ ಎಸೆದು, ಎರಡು ದಡದ ಮರಗಳಿಗೆ ಬಿಗಿದು, ನೀರಿನ ಸೆಳೆತ ಇಳಿಯುವವರೆಗೆ ಕಾದು, ಮೋಹಿನಿಯನ್ನು ಬೆನ್ನಿಗೆ ಕಟ್ಟಿಕೊಂಡು ದಾಟಿಸಿದರು. ಆಸ್ಪತ್ರೆ ಮುಟ್ಟುವಾಗ ಕತ್ತಲಾಗಿತ್ತು. "ಇನ್ನೂ ಬೇಗ ತರಬೇಕಿತ್ತು" ಎಂದರು ಡಾಕ್ಟರು. ಜೀವ ಉಳಿಯಿತು, ಬಲಬದಿಯ ಸ್ವಾಧೀನ ಉಳಿಯಲಿಲ್ಲ.

ಮನೆಗೆ ಕರೆತಂದ ಮೇಲೆ ಡೊಂಬಯ್ಯ ತಲೆಯ ಮೇಲೆ ಕೈಹೊತ್ತು ಕೂತರು. "ಈ ಮನೆಯಲ್ಲಿ ಯಾರೋ ಮಾತು ಮುರಿದಿದ್ದಾರೆ. ಅದಕ್ಕೇ ಹೀಗಾದದ್ದು."

"ನಾನು ಮಾವ," ಎಂದಳು ವಿಸ್ಮಿತಾ. "ನಾನು ರುಕ್ಮಯ್ಯಣ್ಣನಿಗೇ ಹಾಕಿದ್ದು."

"ನೋಡು! ನಿನ್ನಿಂದಲೇ..."

ಮಂಚದಲ್ಲಿದ್ದ ಮೋಹಿನಿ ತೊದಲುತ್ತ ನಡುವೆ ಬಾಯಿ ಹಾಕಿದರು. "ಮುರಿದದ್ದು ಅವಳು. ಅವಳು ಗಟ್ಟಿಮುಟ್ಟು ಇದ್ದಾಳೆ. ನಾನು ಮಾತು ಉಳಿಸಿದೆ. ಮತ್ತೆ ನನಗೆ ಯಾಕೆ ಹೀಗಾಯ್ತು?"

ವಿಸ್ಮಿತಾ ಅತ್ತೆಯ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದಳು, "ದೈವದ ಮೇಲೆ ಹಾಕಬೇಡಿ ಮಾವ. ಅತ್ತೆಯನ್ನು ತಡೆದದ್ದು ದೈವ ಅಲ್ಲ. ಸಂಕ ಇರಲಿಲ್ಲ, ಅಷ್ಟೇ."

ಈಗ ಮತ್ತೆ ಪಂಚಾಯತ್ ಚುನಾವಣೆ ಬಂದಿದೆ. ಡೊಂಬಯ್ಯ ತಾವಾಗಿಯೇ ರುಕ್ಮಯ್ಯನವರ ಮನೆಗೆ ಹೋದರು. "ಈ ಸಲ ನೀನು ನಿಲ್ಲು ಮಾರಾಯ. ನಮ್ಮ ಮನೆಯ ಮತ ನಿನಗೇ."

"ಬೇಡ ಡೊಂಬಯ್ಯಣ್ಣ. ಗಡಿಯಲ್ಲಿ ಎದುರು ಇರುವವ ಯಾರು ಅಂತ ಗೊತ್ತಿರ್ತದೆ. ಇಲ್ಲಿ ನನ್ನನ್ನು ಸೋಲಿಸಿದ್ದು ನನಗೆ ಶಾಲು ಹೊದೆಸಿದವರು. ಹಗ್ಗ ಬೇಕಾದರೆ ಕರೆಯಿರಿ, ಓಡಿ ಬರ್ತೇನೆ. ಚುನಾವಣೆ ನನಗೆ ಸಾಕು."

ಎಷ್ಟು ಹೇಳಿದರೂ ಒಪ್ಪಲಿಲ್ಲ. ಡೊಂಬಯ್ಯ ಬಂದ ದಾರಿಯಲ್ಲೇ ವಾಪಸಾದರು.

ಹರಿವಾಣ ಮಾತ್ರ ಈ ಸಲವೂ ಅಂಗಳಕ್ಕೆ ಬಂತು. ಡೊಂಬಯ್ಯ ಗಂಧ ತೆಗೆದು ಭಕ್ತಿಯಿಂದ ಹಣೆಗೆ ಹಚ್ಚಿಕೊಂಡರು. "ಪ್ರಸಾದ ದೈವದ್ದು, ತೆಗೆದುಕೊಂಡೆ. ಮತ ನನ್ನದು, ಅದರ ಮಾತು ಕೊಡುವುದಿಲ್ಲ. ಯಾರಿಗೆ ಹಾಕ್ತೇನೆ ಅಂತ ದೈವದ ಹತ್ತಿರ ಹೇಳಿ ಬಂದಿದ್ದೇನೆ. ನಿನಗೆ ಹೇಳುವ ಅಗತ್ಯ ಇಲ್ಲ ಸಂದೇಶ್." ಒಳಗೆ ವಿಸ್ಮಿತಾ ಚುನಾವಣಾಧಿಕಾರಿಗೆ ಫೋನ್ ಮಾಡುತ್ತಿದ್ದಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಂಗಳಕ್ಕೂ ಹರಿವಾಣ ಬರಬಹುದು. ಪ್ರಸಾದಕ್ಕೆ ಕೈಮುಗಿಯಿರಿ, ಮತದ ಮಾತು ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಹೆದರಬೇಡಿ. ಹೆದರಿಸಿದವನದ್ದು ತಪ್ಪು, ನಿಮ್ಮದಲ್ಲ. ದೂರು ಕೊಡಿ. ನಿಮ್ಮ ಮತ ಗುಟ್ಟಾಗಿಯೇ ಇರುತ್ತದೆ. ಮತ್ತೆ, ಯೋಗ್ಯರೊಬ್ಬರು ನಿಮಗಾಗಿ ನಿಂತರೆ ಶಾಲು ಆಮೇಲೆ ಹೊದೆಸಿ, ಮೊದಲು ಮತ ಹಾಕಿ. ನಮಗೆ ಬುದ್ಧಿ ಬಂದಿದೆ. ಆದರೆ ನಮ್ಮ ಮತಪತ್ರದಲ್ಲಿ ಈಗ ರುಕ್ಮಯ್ಯನವರ ಹೆಸರಿಲ್ಲ.