ಕೈ ಮಾತ್ರ ಕಾಣಬೇಕು

"ಕೈ ಸಡಿಲ ಬಿಡು ಅಂದ್ರೆ ಕಟ್ಟಿಗೆ ಥರ ಬಿಗೀತೀಯಲ್ಲ, ಥೂ," ಎನ್ನುತ್ತ ನಂದಿತಾ ಪಾರ್ವತೆವ್ವನ ಮುಂಗೈಗೆ ಸೋಪು ಸವರಿ ತನ್ನ ಹಸಿರು ಬಳೆಗಳನ್ನು ಒತ್ತಿ ಏರಿಸಿದಳು.

ಗಂಡ ಸತ್ತ ದಿನ ಒಡೆದ ಮೇಲೆ ಆ ಕೈಗಳು ಬಳೆ ಕಂಡಿರಲಿಲ್ಲ. ಅಮೆರಿಕದ ಇಸ್ಸಾಕ್ವಾದ ಈ ಮನೆಗೆ ಅಡುಗೆಗೆ ಬಂದಾಗಿನಿಂದ ವಾರಕ್ಕೊಮ್ಮೆ ತೊಡಬೇಕು. ಜೋಳದ ರೊಟ್ಟಿ ಬಡಿಯುವುದನ್ನು ನಂದಿತಾ ಫೋನಿನಲ್ಲಿ ಲೈವ್ ತೋರಿಸುತ್ತಿದ್ದಳು. ಕೈ ಪಾರ್ವತೆವ್ವನದು, ಬಳೆ, ಮಾತು, ಹೆಸರು ನಂದಿತಾಳವು. ಬಡಿಯುವವಳೂ ಅವಳೇ ಎಂದು ನೋಡುವವರು ನಂಬಿದ್ದರು. ಮೊದಲ ದಿನ ಪಾರ್ವತೆವ್ವ ಬೇಡವೆಂದು ಅತ್ತಿದ್ದಳು. ಶಾಸ್ತ್ರವನ್ನೆಲ್ಲ ಊರಲ್ಲೇ ಬಿಟ್ಟು ಬರಬೇಕಿತ್ತು ಎಂಬ ಉತ್ತರ ಬಂದಿತ್ತು. ಪಾಸ್‌ಪೋರ್ಟು ನಂದಿತಾಳ ಬೀರುವಿನಲ್ಲಿತ್ತು.

ಇಂದು ಬಳೆಗಿಂತ ಹೆಚ್ಚು ಉರಿಯುತ್ತಿದ್ದುದು ನಿನ್ನೆ ಕಂಡ ಪಟ. ಸಿಯಾಟಲ್‌ನಲ್ಲಿ ಕಪ್ಪು ಕಲಾವಿದರ ಫೋಟೋ ಪ್ರದರ್ಶನಕ್ಕೆ, ನಂದಿತಾಳ ಮಗುವನ್ನು ಎತ್ತಿಕೊಳ್ಳಲೆಂದು ಅವಳನ್ನೂ ಕರೆದೊಯ್ದಿದ್ದರು. ಅಲ್ಲೊಬ್ಬಳು ಮಣ್ಣಿನ ಕೆಲಸದವಳು, ಆಳೆತ್ತರದ ಪಟದಲ್ಲಿ. ಮೊಣಕೈವರೆಗೆ ಮೆತ್ತಿದ ಮಣ್ಣು, ಒಡೆದ ಉಗುರು. ಪಾರ್ವತೆವ್ವನದೇ ಬಣ್ಣ, ಅವಳದೇ ವಯಸ್ಸು. ಕುರ್ಚಿಯಲ್ಲಿ ಕಾಲಗಲಿಸಿ ಕೂತು ನೋಡುವವರನ್ನೇ ದಿಟ್ಟಿಸುತ್ತಿದ್ದಳು. ಕೈಯಲ್ಲೊಂದು ತಂತಿ. ಅದೇನೆಂದು ಪಾರ್ವತೆವ್ವ ಕೇಳಿದಳು.

"ಕ್ಯಾಮೆರಾದ ಬಟನ್. ತನ್ನ ಫೋಟೋ ತಾನೇ ತೆಕ್ಕೊಂಡಿದಾಳೆ. ನಾನು ಹೇಗೆ ಕಾಣ್ಬೇಕು ಅಂತ ನಾನೇ ಹೇಳ್ತೀನಿ ಅಂತ. ಎಷ್ಟು ಗ್ರೇಟ್ ಅಲ್ವಾ?" ಎಂದಳು ನಂದಿತಾ. ಅವಳ ಕಣ್ಣು ತುಂಬಿತ್ತು.

ಪಾರ್ವತೆವ್ವನ ಹೊಟ್ಟೆ ಉರಿಯಿತು. ಈ ಪಟದವಳಿಗೇನು ಹೆಚ್ಚು? ಕೈ ಮಣ್ಣಾದರೂ ಮುಖವಿದೆ, ಕೆಳಗೆ ಹೆಸರಿದೆ. ಜನ ಅವಳೆದುರು ದನಿ ತಗ್ಗಿಸಿ ನಿಲ್ಲುತ್ತಾರೆ. "ಏಳ ಬೋಸುಡಿ, ನಾ ಒಂದೀಟು ಕುಂದರ್ತೇನಿ," ಎಂದು ಬಾಯೊಳಗೇ ಬೈದಳು. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗಲೂ ಕಣ್ಣು ಮುಚ್ಚಿದರೆ ಶಿವನ ಬದಲು ಆಕೆಯೇ ಬಂದು ಕೂತಳು.

ನಂದಿತಾ ಫೋನನ್ನು ಕೈಗಳ ಮಟ್ಟಕ್ಕೆ ನಿಲ್ಲಿಸಿ ಎಲ್ಲರಿಗೂ ನಮಸ್ಕಾರ ಹೇಳಿದಳು. ಇನ್ನು ಪಾರ್ವತೆವ್ವ ಕೆಮ್ಮುವಂತಿಲ್ಲ. ಅವಳು ಹಿಟ್ಟು ನಾದಿ ಬಡಿಯತೊಡಗಿದಳು. ಕೈಚಳಕ ಎಷ್ಟು ಚೆಂದ ಎಂದು ಯಾರೋ ಬರೆದರು. ಯಾರ ಹತ್ತಿರ ಕಲಿತಿರಿ ಎಂದು ಇನ್ಯಾರೋ ಕೇಳಿದರು.

"ನಮ್ಮಜ್ಜಿ ಹತ್ರ," ಎಂದಳು ನಂದಿತಾ.

ಬಡಿತ ನಿಂತಿತು. ಪಾರ್ವತೆವ್ವ ಫೋನನ್ನು ಮೇಲಕ್ಕೆ ವಾಲಿಸಿ, ಅದರಲ್ಲಿ ತನ್ನ ಮುಖ ಪೂರ್ತಿ ಕಾಣುವವರೆಗೆ ಬಗ್ಗಿದಳು.

"ನಮ್ಮವ್ವನ ಹತ್ರ ಕಲ್ತೇನ್ರಿ. ನನ್ನ ಹೆಸರು ಪಾರ್ವತೆವ್ವ. ಈ ಕೈ ನಂದು. ಗಂಡಸತ್ತ ಮುಂಡಿ ಕೈ."

ನಂದಿತಾ ಫೋನಿನತ್ತ ಕೈಚಾಚಿದಳು. ಪಾರ್ವತೆವ್ವ ಹಿಟ್ಟಿನ ಕೈಯಲ್ಲೇ ಅವಳ ಮಣಿಕಟ್ಟು ಹಿಡಿದು ಪಕ್ಕಕ್ಕೆ ತಳ್ಳಿದಳು.

"ಅತ್ಲಾಗ ಸರೀರಿ ಅಕ್ಕಾರ, ನೆಳ್ಳ ಬೀಳಾಕತ್ತೈತಿ."