ಆರನೇ ಪೀಂ ಆದ ಮೇಲೆ

ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆ ಕಟ್ಟಿದವರು ಗಡಿಯಾರದಪ್ಪನನ್ನು ನೋಡಿಯೇ ಕಟ್ಟಿರಬೇಕು. ಇಡೀ ದೇಶಕ್ಕೆ ಗಂಟೆ ಎಷ್ಟೆಂದು ಹೇಳುವ ಕಚೇರಿಯ ಮುಖ್ಯಸ್ಥ ಅವನು. ತನ್ನ ಮದುವೆಗೇ ತಡವಾಗಿ ಬಂದ ಪುಣ್ಯಾತ್ಮ. ಹೆಂಡತಿ ಉಪಾಯ ಹೂಡಿ ಮನೆಯ ಗಡಿಯಾರವನ್ನು ಕಾಲು ಗಂಟೆ ಮುಂದಿಟ್ಟಳು. ಅವಳು ಚಾಪೆ ಕೆಳಗೆ ತೂರಿದರೆ ಇವನು ರಂಗೋಲಿ ಕೆಳಗೆ ತೂರುವವನು. ಮನಸ್ಸಿನಲ್ಲೇ ಕಾಲು ಗಂಟೆ ಕಳೆದು ಆರಾಮಾಗಿ ಕಾಫಿ ಹೀರಿದ. ಅವಳು ಬೇಸತ್ತು ಗಡಿಯಾರ ಸರಿಮಾಡಿದ ಮೇಲೂ ಕಳೆಯುವುದನ್ನು ಮಾತ್ರ ಬಿಡಲಿಲ್ಲ.

ಕಚೇರಿಯ ನೆಲಮಾಳಿಗೆಗೆ ಇಳಿದರೆ ಅವನು ಬೇರೆಯೇ ಮನುಷ್ಯ. ಅಲ್ಲಿ ಸಾಲಾಗಿ ಅಣು ಗಡಿಯಾರಗಳು. ಒಂದು ಹೇಳಿದ್ದನ್ನು ಇನ್ನೊಂದು ಒಪ್ಪದು, ಥೇಟ್ ಓರಗಿತ್ತಿಯರ ಹಾಗೆ. ಎಲ್ಲವನ್ನೂ ಕೇಳಿ, ಸರಾಸರಿ ತೆಗೆದು, ಇದೇ ದೇಶದ ಕಾಲ ಎಂದು ತೀರ್ಮಾನಿಸುವುದು ಅವನ ಕೆಲಸ. ಗಂಟೆಗೊಮ್ಮೆ ಅಲ್ಲಿಂದ ರೇಡಿಯೋ ನಿಲಯಕ್ಕೆ ಗಂಟೆ ಸಾರುವ ಆರು ಪೀಂ ಸದ್ದುಗಳು ಹೋಗುತ್ತವೆ. ಸರಿಯಾಗಿ ಬಂದವೋ ಇಲ್ಲವೋ ನೋಡಲು ಮೂಲೆಯಲ್ಲೊಂದು ಹಳೇ ರೇಡಿಯೋ. ಅದರ ಬಿಸಿ ಗಡಿಯಾರಗಳಿಗೆ ಆಗದು. ಹಾಗಾಗಿ ಆರನೇ ಪೀಂ ಆದ ಕೂಡಲೇ ಆರಿಸಬೇಕೆಂಬುದು ಕಟ್ಟುನಿಟ್ಟಿನ ನಿಯಮ.

ಇಂಥವನು ಮಗಳ ಯಾವುದರ ಶುರುವನ್ನೂ ಕಂಡವನಲ್ಲ. ಅವಳು ಶಾಲೆಯ ನಾಟಕದಲ್ಲಿ ರಾಣಿಯಾದಾಗ ಇವನು ಬಂದದ್ದು ರಾಣಿ ಸತ್ತ ಮೇಲೆ. ಓಟದ ಪಂದ್ಯಕ್ಕೆ ಹೋದರೆ ಕುರ್ಚಿ ಎತ್ತುತ್ತಿದ್ದರು. ಪಾಪ, ಇವನೂ ನಾಲ್ಕು ಎತ್ತಿಕೊಟ್ಟು ಬಂದ. ಈಗ ಅವಳಿಗೆ ರೇಡಿಯೋದಲ್ಲಿ ಮಕ್ಕಳಿಗೆ ಕಥೆ ಹೇಳುವ ಕೆಲಸ ಸಿಕ್ಕಿತ್ತು.

"ನಾಲ್ಕು ಗಂಟೆ ಪೀಂ ಕಳ್ಸೋನು ನೀನೇ ತಾನೇ ಅಪ್ಪ? ಅದು ಮುಗಿದ ತಕ್ಷಣ ನಾನು ಬರ್ತೀನಿ. ಈ ಸಲ ಹೇಗೆ ತಪ್ಪಿಸ್ಕೋತೀಯಾ ನೋಡೋಣ."

"ಮೊದಲನೇ ಮಾತೇ ಕೇಳ್ತೀನಿ ಕಣಮ್ಮ."

ಮಗಳು ಆಚೆ ಹೋದ ಮೇಲೆ ಹೆಂಡತಿ ಮೆಲ್ಲಗೆ ಹೇಳಿದಳು: "ಇದನ್ನೂ ತಪ್ಪಿಸಿದ್ರೆ ಅವಳು ಜಗಳ ಆಡಲ್ಲ ರೀ. ಇನ್ಮೇಲೆ ಕರೆಯೋದನ್ನೇ ಬಿಡ್ತಾಳೆ."

ಅವಳ ಮೊದಲ ಕಾರ್ಯಕ್ರಮದ ದಿನ ಗಡಿಯಾರದಪ್ಪ ಊಟವಾದದ್ದೇ ನೆಲಮಾಳಿಗೆಯ ರೇಡಿಯೋ ಮುಂದೆ ಬಂದು ಕೂತ. ನಾಲ್ಕಾಯಿತು. ಪೀಂಗಳು ಬಂದವು; ತುಟಿ ಅಲ್ಲಾಡಿಸುತ್ತ ಎಣಿಸಿದ. ಆರನೆಯದು ಮುಗಿದ ಕೂಡಲೇ ಅವನ ಕೈ, ಇಷ್ಟು ವರ್ಷ ಮಾಡಿದಂತೆಯೇ, ನೀಟಾಗಿ ಮುಂದೆ ಹೋಗಿ ರೇಡಿಯೋ ಆರಿಸಿತು.

"ಸರ್," ಎಂದಳು ಪಕ್ಕದಲ್ಲಿದ್ದ ಸಹಾಯಕಿ. "ನಿಮ್ಮ ಮಗಳು..."

ಅಯ್ಯೋ ನನ್ನ ಕೈಗಿಷ್ಟು ಬೆಂಕಿ ಹಾಕ ಎಂದುಕೊಂಡು ಗುಂಡಿಯನ್ನು ತಿರುಗಿಸಿದ. ತಿರುಗಿಸಿದ ರಭಸಕ್ಕೆ ಗುಂಡಿಯೇ ಕಿತ್ತು ಕೈಗೆ ಬಂತು. ಕೂರಿಸಲು ಹೋದರೆ ಅದು ಜಾರಿ ಮೇಜಿನಡಿಗೆ ಉರುಳಿತು. ಸೆಕೆಂಡನ್ನು ಕೋಟಿ ಪಾಲು ಮಾಡಬಲ್ಲವನು ಕಣ್ಣಲ್ಲಿ ನೀರು ತುಂಬಿಕೊಂಡು, ಮಂಡಿಯೂರಿ ಮೇಜಿನಡಿ ತಡಕಾಡಿದ. ಮತ್ತೆ ತಪ್ಪಿಸಿದೆ, ಇನ್ನವಳು ಕರೆಯಲ್ಲ ಎಂಬುದೊಂದೇ ತಲೆಯಲ್ಲಿ. ಅಷ್ಟರಲ್ಲಿ ಸಹಾಯಕಿ ಇಕ್ಕಳ ತಂದು, ಉಳಿದಿದ್ದ ಕಡ್ಡಿಯನ್ನು ಹಿಡಿದು ತಿರುಗಿಸಿದಳು.

ರೇಡಿಯೋ ಗೊರಗೊರ ಎಂದಿತು. ಆಮೇಲೆ ಮಗಳ ದನಿ.

"...ಇನ್ನೊಂದು ಚೂರು ಕಾಯೋಣ ಮಕ್ಕಳೇ. ನಾನು ಚಿಕ್ಕವಳಿದ್ದಾಗ ಆ ರೂಮಲ್ಲೇ ಕೂತು ನೋಡಿದೀನಿ. ಪೀಂ ಮುಗಿದ್ರೆ ನಮ್ಮಪ್ಪನ ಕೈ ಸುಮ್ನಿರಲ್ಲ, ರೇಡಿಯೋ ಆರಿಸಿಬಿಡುತ್ತೆ. ಈಗ ಒದ್ದಾಡ್ತಿರ್ತಾರೆ ಪಾಪ."

ದೇಶಕ್ಕೆ ದೇಶವೇ ಕಾಯುತ್ತಿತ್ತು.

"ಬಂದ್ಯಾ ಅಪ್ಪ?"

"ಬಂದೆ ಕಣಮ್ಮ," ಎಂದ ಗಡಿಯಾರದಪ್ಪ ಮೇಜಿನಡಿಯಿಂದಲೇ.

"ಸರಿ. ಒಂದಾನೊಂದು ಕಾಲದಲ್ಲಿ..."

ಸಹಾಯಕಿ ಗಡಿಯಾರಗಳ ಕಡೆ ನೋಡಿ ಪಿಸುಗುಟ್ಟಿದಳು: "ಸರ್, ಕಾರ್ಯಕ್ರಮ ಲೇಟಾಗಿ ಶುರುವಾಯ್ತಲ್ಲ. ಬಿಸಿ ಬೇರೆ ಏರ್ತಿದೆ."

"ಏರಲಿ ಬಿಡಮ್ಮ," ಎಂದು ಅವನು ನೆಲದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತ.